ಲೆಕ್ಕಕ್ಕಿಲ್ಲದ ಗಂಟೆ

ಹಾಳೆ ಗುಲಾಬಿ ಬಣ್ಣದ್ದು. ಎರಡು ಸಲ ಓದಿದ ಮೇಲೂ ಅದರಲ್ಲಿ ತನ್ನನ್ನು ಹೊಗಳಿದ್ದಾರೋ ಬೈದಿದ್ದಾರೋ ಆರ್ವೋ ಕೆಂಪೈನೆನ್‌ಗೆ ತಿಳಿಯಲಿಲ್ಲ. ಹೈಸ್ಕೂಲಿನ ಆಫೀಸಿನ ಗೋಡೆಯಲ್ಲಿ ಮೇಷ್ಟರುಗಳ ಟಪಾಲಿಗೆಂದು ಅವನೇ ಎಂದೋ ಮಾಡಿಕೊಟ್ಟಿದ್ದ ಮರದ ಗೂಡುಗಳಿದ್ದವು. ಅವನ ಹೆಸರಿನ ಗೂಡಿನಲ್ಲಿ ಬೆಳಿಗ್ಗೆ ಏಳೂವರೆಗೆ ಅದು ನಾಲ್ಕಾಗಿ ಮಡಚಿಕೊಂಡು ಕೂತಿತ್ತು. ವಿದ್ಯಾರ್ಥಿನಿ: ಕೊರಿನ್ ಲಾಸನೆನ್, ಹನ್ನೆರಡನೇ ತರಗತಿ. ವಿಷಯ: ಮರಗೆಲಸ. ಈ ವಿಷಯದ ಅಂಕವನ್ನು ಸರಾಸರಿಗೆ ಸೇರಿಸದೆ ಬರೀ ಪಾಸು ಎಂದು ನಮೂದಿಸಲು ಶಿಕ್ಷಕರ ಒಪ್ಪಿಗೆ. ಇವತ್ತು ಮಧ್ಯಾಹ್ನ ಮೂರು ಗಂಟೆಯೊಳಗೆ ಸಹಿ ಮಾಡಿ ಕೊಡುವುದು. ಕೆಳಗೆ ಮಾರ್ಸಿ ಪೆಲ್ಕಿಯ ದುಂಡು ಅಕ್ಷರ: ‘ಥ್ಯಾಂಕ್ಸ್, ನಿಮ್ಮಿಂದ ಹುಡುಗಿಗೆ ತುಂಬಾ ಉಪಕಾರ.’ ಮಾರ್ಸಿ ಮಕ್ಕಳಿಗೆ ಯಾವ ಕ್ಲಾಸು ತೆಗೆದುಕೊಳ್ಳಬೇಕು, ಯಾವ ಕಾಲೇಜಿಗೆ ಅರ್ಜಿ ಹಾಕಬೇಕು ಎಂದು ಹೇಳಿಕೊಡುವವಳು. ಅವಳು ಉಪಕಾರ ಎಂದರೆ ಉಪಕಾರವೇ ಇರಬೇಕು. ಆದರೆ ಕೊಟ್ಟ ಅಂಕವನ್ನು ಬಿಟ್ಟುಬಿಡಿ ಎಂದು ಕೇಳುವುದು ಯಾವ ಬಗೆಯ ಉಪಕಾರ. ಮಾರ್ಚ್ ಬಂದರೂ ಕರಗದೆ ಕಿಟಕಿಯ ಮಟ್ಟಕ್ಕೆ ನಿಂತ ಹಿಮದ ನಡುವಿನ ದಾರಿಯಲ್ಲಿ ಹಿಂದುಗಡೆಯ ಮರಗೆಲಸದ ಶೆಡ್ಡಿಗೆ ನಡೆಯುತ್ತ ಅವನು ಆ ಹುಡುಗಿಗೆ ತಾನು ಕೊಟ್ಟ ಅಂಕ ನೆನೆಸಿಕೊಂಡ. ನೂರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲನೆಯ ನೂರು. ಜನವರಿಯಲ್ಲಿ ಅವಳು ಚೆರ್ರಿ ಮರದ ಪೆಟ್ಟಿಗೆಯ ನಾಲ್ಕು ಮೂಲೆಯನ್ನು ಒಂದು ಮೊಳೆಯೂ ಇಲ್ಲದೆ ಕೂಡಿಸಿ ತಂದಿಟ್ಟಾಗ ಅವನು ಸಂದಿನಲ್ಲಿ ಕಾಗದದ ಅಂಚು ತೂರಿಸಲು ನೋಡಿದ್ದ. ಮೊದಲನೇ ಮೂಲೆ, ಎರಡನೇ ಮೂಲೆ, ಕಾಗದ ಎಲ್ಲೂ ಹೋಗಲಿಲ್ಲ. ನಾಲ್ಕನೆಯದಕ್ಕೆ ಅವನು ಕಾಗದದ ಹೊಸ ಅಂಚು ಹಿಡಿದ. ಹುಡುಗಿ ಉಗುರು ಕಚ್ಚುತ್ತ ನಿಂತಿದ್ದಳು. ನಾಲ್ಕನೆಯದರಲ್ಲೂ ಹೋಗಲಿಲ್ಲ. ತೊಂಬತ್ತೆಂಟು ಎಂದು ಬರೆಯಲು ಹೋಗಿ, ಆ ಎರಡು ಅಂಕ ಯಾಕೆ ಹಿಡಿದೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಯೋಚಿಸಿ, ಉತ್ತರ ಸಿಗದೆ, ನೂರು ಎಂದು ಬರೆದಿದ್ದ. ಅವತ್ತು ಮನೆಗೆ ಹೋಗುವಾಗ ಗಾಡಿಯಲ್ಲಿ ಒಬ್ಬನೇ ಶಿಳ್ಳೆ ಹಾಕಿದ್ದ.

ಒಲೆ ಹೊತ್ತಿಸುವಷ್ಟರಲ್ಲಿ ಪಕ್ಕದ ಕಟ್ಟಡದ ಗಣಿತದ ಮೇಷ್ಟ್ರು ರೊಲಾಂಡ್ ಬೂಷಾ ದಿನದಂತೆ ಕಾಫಿಗೆ ಬಂದ. ಶಾಲೆಯಲ್ಲಿ ಕುಡಿಯುವಂಥ ಕಾಫಿ ಸಿಗುವುದು ಈ ಶೆಡ್ಡಿನಲ್ಲಿ ಮಾತ್ರ ಎಂದು ಅವನ ನಂಬಿಕೆ. ಆರ್ವೋ ಹಾಳೆಯನ್ನು ಅವನ ಮುಂದೆ ನೂಕಿದ.

“ಓದು.”

“ಓದಿದೆ. ಸಹಿ ಹಾಕು, ಮುಗೀತು.”

“ನಾನು ನೂರಕ್ಕೆ ನೂರು ಕೊಟ್ಟಿದೀನಿ ಕಣೋ. ನೂರನ್ನ ಯಾರಾದ್ರೂ ಬೇಡ ಅಂತಾರಾ?”

“ನಿನ್ನ ನೂರು ಆ ಹುಡುಗೀನ ಕೆಳಕ್ಕೆ ಎಳೀತಿದೆ, ಅದಕ್ಕೆ.”

ರೊಲಾಂಡ್ ತುಂಡು ಹಲಗೆಯೊಂದನ್ನು ಎಳೆದುಕೊಂಡು, ಆರ್ವೋನ ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲನ್ನೇ ತೆಗೆದು ಬರೆಯತೊಡಗಿದ. “ನೋಡು, ನನ್ನ ಅಡ್ವಾನ್ಸ್ ಗಣಿತದಲ್ಲಿ ಎ ತಗೊಂಡ್ರೆ ಐದು ಪಾಯಿಂಟು. ಮಾಮೂಲಿ ಕ್ಲಾಸಲ್ಲಿ ಎ ತಗೊಂಡ್ರೆ ನಾಲ್ಕೇ. ನಿಂದು ಮಾಮೂಲಿ. ಬೇಜಾರು ಮಾಡ್ಕೋಬೇಡ, ನಾನು ಮಾಡಿದ ನಿಯಮ ಅಲ್ಲ. ಈ ಹುಡುಗಿ ಅಡ್ವಾನ್ಸ್ ಕ್ಲಾಸೇ ಹದಿನೆಂಟು ತಗೊಂಡಿದಾಳೆ. ಎಲ್ಲದರಲ್ಲೂ ಎ. ಮಿಕ್ಕಿದ್ದು ಆರು ಮಾಮೂಲಿ, ಅದರಲ್ಲೂ ಎ. ಸರಾಸರಿ ಎಷ್ಟಾಯ್ತು, ನಾಲ್ಕೂ ಮುಕ್ಕಾಲು. ಅದಕ್ಕೆ ನಿನ್ನ ನಾಲ್ಕು ಸುರಿದ್ರೆ? ಬಿಸಿ ಕಾಫಿಗೆ ತಣ್ಣೀರು ಸುರಿದ ಹಾಗೆ. ನಾಲ್ಕು ಪಾಯಿಂಟ್ ಏಳು ಎರಡು.”

“ನಾನು ಕಮ್ಮಿ ಕೊಟ್ರೆ?”

“ಇನ್ನೂ ಕೆಳಗೆ ಹೋಗ್ತಾಳೆ.”

“ಅಂದ್ರೆ ನಾನು ಏನು ಕೊಟ್ರೂ...”

“ಏನು ಕೊಟ್ರೂ ನಷ್ಟ. ಏನೂ ಕೊಡದೇ ಇದ್ರೆ ಲಾಭ.” ರೊಲಾಂಡ್ ತನ್ನ ಮಾತು ತನಗೇ ಹಿಡಿಸಿ ನಕ್ಕ. ಆರ್ವೋನೂ ನಕ್ಕ, ನಗದಿದ್ದರೆ ಸಣ್ಣವನಾಗುತ್ತೇನೆಂದು. ಹಲಗೆಯ ಮೇಲೆ 4.75, ಅದರ ಕೆಳಗೆ 4.72. ರೊಲಾಂಡ್ ಕಾಫಿಯ ಕೊನೆಯ ಗುಟುಕು ಕುಡಿದು ಎರಡರ ನಡುವೆ ಇನ್ನೊಂದು ಸಂಖ್ಯೆ ಬರೆದ: 4.73.

“ಈ ಮಧ್ಯದ್ದು ಯಾರದು?”

“ನಿಜವಾಗ್ಲೂ ಗೊತ್ತಿಲ್ವಾ? ನಿನ್ನ ಅಕ್ಕನ ಮಗ. ಎಲಿಯಸ್. ನೀನು ಸಹಿ ಹಾಕಿದ್ರೆ ಲಾಸನೆನ್ ಹುಡುಗಿ ಫಸ್ಟು, ಹಾಕ್ದೇ ಇದ್ರೆ ನಿಮ್ಮ ಹುಡುಗ ಫಸ್ಟು. ಇವತ್ತು ಮೂರು ಗಂಟೆಗೆ ಪಟ್ಟಿ ಮುಚ್ತಾರೆ. ಫಸ್ಟ್ ಬಂದೋರೇ ಸ್ಕೂಲು ಮುಗಿಸೋ ಪದವಿ ದಿನ ಭಾಷಣ ಮಾಡೋದು.” ಬಾಗಿಲ ಹತ್ತಿರ ಹೋಗಿ ತಿರುಗಿದ. “ನಾನಾಗಿದ್ರೆ ಹಾಳೇನೇ ನೋಡಿಲ್ಲ ಅಂತಿದ್ದೆ. ತಮಾಷೆಗೆ ಹೇಳ್ದೆ ಕಣೋ.”

ಅವನು ಹೋದ ಮೇಲೆ ಆರ್ವೋ ಕೀಸುಳಿಯನ್ನು ಎತ್ತಿಕೊಂಡು ಯಾವುದೋ ಹಲಗೆಯನ್ನು ಕೀಸತೊಡಗಿದ, ಯಾವುದಕ್ಕೂ ಬೇಕಿಲ್ಲದ ಹಲಗೆ. ಸುರುಳಿ ಸುರುಳಿಯಾಗಿ ಸಿಪ್ಪೆ ಏಳುತ್ತಿತ್ತು. ಏನು ಕೊಟ್ಟರೂ ನಷ್ಟ. ಇಪ್ಪತ್ತೆಂಟು ವರ್ಷ ತಾನು ಕೊಟ್ಟ ಎಪ್ಪತ್ತು, ಎಂಬತ್ತೈದು, ತೊಂಬತ್ತೊಂದು, ಅವೆಲ್ಲ ಯಾರ ಯಾರ ಬೆನ್ನ ಮೇಲೆ ಹೇಗೆ ಕೂತವೋ. ತೊಂಬತ್ತು ಕೊಟ್ಟಾಗ ಯಾವ ಹುಡುಗ ಹಲ್ಲು ಕಡಿದುಕೊಂಡನೋ. ಈಚೆಗೆ ಜಾಣ ಮಕ್ಕಳು ತನ್ನ ಶೆಡ್ಡಿನ ಕಡೆ ಸುಳಿಯುತ್ತಿಲ್ಲ, ಕಂಪ್ಯೂಟರು ಅವರನ್ನು ತಿಂದುಹಾಕಿದೆ ಎಂದು ಅವನು ಎಲ್ಲರೊಡನೆ ಹೇಳಿಕೊಂಡು ತಿರುಗಿದ್ದ. ಕಂಪ್ಯೂಟರಲ್ಲ, ನಾಲ್ಕು. ಬರೀ ನಾಲ್ಕು ಎಂಬ ಅಂಕಿ. ಎಲಿಯಸ್ ಒಂಬತ್ತನೇ ತರಗತಿಗೆ ಬಂದ ವರ್ಷ ಇರ್ಮಾ ಅಕ್ಕನ ಊಟದ ಮೇಜಿನಲ್ಲಿ ಅವನು ಕೇಳಿದ್ದ, ಈ ವರ್ಷ ನನ್ನ ಕ್ಲಾಸಿಗೆ ಬರ್ತೀಯೇನೋ ಅಂತ. ಹುಡುಗ ಬಾಯಿ ತೆರೆಯುವ ಮೊದಲೇ ಇರ್ಮಾ ಆಲೂಗಡ್ಡೆಯ ಬಟ್ಟಲನ್ನು ಇತ್ತ ಸರಿಸುತ್ತ, ಅವನಿಗೆ ಮರದ ಹೊಟ್ಟು ಆಗಲ್ಲ ಆರ್ವೋ, ಒಂದೇ ಸಮ ಸೀನು ಬರುತ್ತೆ, ಅಲರ್ಜಿ ಎಂದಳು. ಪಾಪ ಅನ್ನಿಸಿತ್ತು. ಅಂದಿನಿಂದ ಅಕ್ಕನ ಮನೆಗೆ ಹೋಗುವ ದಿನ ಅವನು ಗಾಡಿಯಲ್ಲಿ ಒಂದು ಒಗೆದ ಸ್ವೆಟರು ಇಟ್ಟುಕೊಳ್ಳುತ್ತಿದ್ದ. ಅವರ ಮನೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಚಳಿಯಲ್ಲಿ ನಡುಗುತ್ತ ಬಟ್ಟೆ ಬದಲಾಯಿಸಿ, ತಲೆಗೂದಲು ಕೊಡವಿ, ಹುಬ್ಬು ಒರೆಸಿ ಒಳಗೆ ಹೋಗುತ್ತಿದ್ದ. ನಾಲ್ಕು ವರ್ಷ. ಒಮ್ಮೆ ಪಕ್ಕದ ಮನೆಯ ಮುದುಕಿ ಅವನು ರಸ್ತೆಯಲ್ಲಿ ಬನಿಯನ್ನಿನಲ್ಲಿ ನಿಂತದ್ದನ್ನು ನೋಡಿ ಕುಡಿದಿದ್ದಾನೆಂದು ಇರ್ಮಾಗೆ ಫೋನು ಮಾಡಿದ್ದಳು. ಅದೇ ಎಲಿಯಸ್ ಹೋದ ಬೇಸಿಗೆಯಲ್ಲಿ ಹಿತ್ತಲಿನ ಹಬೆಸ್ನಾನದ ಮನೆ ಸೌನಾಕ್ಕೆ ಬೇಕಾದ ಸೌದೆಯನ್ನು ಇಡೀ ದಿನ ಗರಗಸ ಹಿಡಿದು ಕೊಯ್ದು ಪೇರಿಸಿಟ್ಟಿದ್ದ, ಮೈತುಂಬ ಹೊಟ್ಟು, ಒಂದು ಸೀನೂ ಇಲ್ಲ. ಆಗಲೂ ತನಗೆ ಹೊಳೆಯಲಿಲ್ಲ. ಆರ್ವೋ ಕೀಸುಳಿ ಕೆಳಗಿಟ್ಟು ಒಬ್ಬನೇ ಜೋರಾಗಿ ನಕ್ಕ. ನಗು ಮುಗಿದ ಮೇಲೆ ಎದೆಯಲ್ಲಿ ಸಿಬಿರು ಚುಚ್ಚಿಕೊಂಡಂತೆ ಏನೋ ಉಳಿಯಿತು. ಹಾಳೆಯನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡ. ಸಹಿ ಹಾಕಲು ಪೆನ್ನು ಹುಡುಕಬೇಕಿತ್ತು, ಹುಡುಕಲಿಲ್ಲ.

ಮಧ್ಯಾಹ್ನದ ಊಟದ ಹಾಲಿನಲ್ಲಿ ಮಾರ್ಸಿ ಪೆಲ್ಕಿ ತಟ್ಟೆ ಹಿಡಿದುಕೊಂಡೇ ಅವನ ಮೇಜಿಗೆ ಬಂದಳು.

“ಆರ್ವೋ ಅವರೇ, ಹಾಳೆ ಸಿಕ್ತಾ?”

“ಯಾವ ಹಾಳೆ?”

ಎಷ್ಟು ಸಲೀಸಾಗಿ ಬಂತು ಆ ಮಾತು. ಯಾರೋ ಅವನ ಗಂಟಲಲ್ಲಿ ಮೊದಲೇ ಮಾಡಿಟ್ಟಿದ್ದರೇನೋ ಎಂಬಂತೆ. ಮಾರ್ಸಿ ಕಕ್ಕಾಬಿಕ್ಕಿಯಾಗಿ, ಗೂಡಲ್ಲೇ ಇಟ್ಟಿದ್ದೆನಲ್ಲ, ಇನ್ನೊಂದು ಕಳಿಸ್ಲಾ ಎಂದಳು. ಬೇಡ, ಹೋಗುವಾಗ ನೋಡ್ತೀನಿ ಎಂದ. ಅವಳು ಹೋದಳು. ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿಯನ್ನು ಅವನು ಪ್ರತಿ ಬುಧವಾರ ಆಸೆಯಿಂದ ತಿನ್ನುವವನು. ಇವತ್ತು ಬಾಯಲ್ಲಿ ಮಣ್ಣಿನಂತೆ ಹೊರಳಿತು. ತಾನು ಸುಳ್ಳು ಹೇಳಿದ್ದು ಯಾಕೆ. ಎಲಿಯಸ್‌ಗಾಗಿಯೇ? ಅಕ್ಕನ ಮಗನಿಗಾಗಿ ಒಂದು ಸುಳ್ಳು ಹೇಳಿದೆ ಎಂದುಕೊಂಡರೆ ಅಷ್ಟೇನೂ ಕೆಟ್ಟದಾಗಿ ಕೇಳಿಸುವುದಿಲ್ಲ. ಆದರೆ ಅಲ್ಲ. ತನ್ನ ಸಿಟ್ಟಿಗಾಗಿ. ನನ್ನ ನೂರನ್ನು ಕಸಕ್ಕೆ ಹಾಕುತ್ತೀರಾ, ಹಾಕಿ ನೋಡೋಣ ಎಂಬ ಸಿಟ್ಟು. ಹಾಗಾದರೆ ಎಲಿಯಸ್ ಇರದಿದ್ದರೆ ಹೇಳುತ್ತಿರಲಿಲ್ಲವೇ? ಅದೂ ಗೊತ್ತಾಗಲಿಲ್ಲ. ಎರಡು ಹಲಗೆಗಳನ್ನು ಅಂಟು ಹಾಕಿ ಒತ್ತಿ ಇಟ್ಟ ಮೇಲೆ ಅಂಟು ಎಲ್ಲಿದೆ ಎಂದು ಹುಡುಕಿದ ಹಾಗಾಯಿತು. ಅಷ್ಟರಲ್ಲಿ ಮೇಜುಗಳ ನಡುವೆ ಉದ್ದ ಕೋಲಿನ ಪೊರಕೆ ತಳ್ಳಿಕೊಂಡು ಬರುತ್ತಿದ್ದ ಹೆಂಗಸು ಅವನೆದುರು ನಿಂತಳು. ಶಾಲೆಯನ್ನು ಗುಡಿಸಿ ಒರೆಸುವ ಟೀನಾ ಲಾಸನೆನ್, ಕೊರಿನ್‌ಳ ತಾಯಿ.

“ಮೇಷ್ಟ್ರೇ, ನಮ್ಮ ಹುಡುಗಿ ಪೆಟ್ಟಿಗೆಗೆ ಮುಚ್ಚಳ ಕೂರಿಸಿದ್ಲಂತೆ?”

“ಇವತ್ತು ಕೂರಿಸ್ತಾಳೆ.”

“ಮನೇಲಿ ಬರೀ ಅದೇ ಮಾತು. ನಾನು ಅದರೊಳಗೆ ಏನಿಡ್ಲಿ ಅಂದ್ರೆ, ಏನೂ ಇಡ್ಬೇಡ, ಮೂಸಿ ನೋಡು ಸಾಕು ಅಂತಾಳೆ.” ಅವಳು ನಕ್ಕು, ಅವನು ಬೀಳಿಸಿದ ಪ್ಯಾಸ್ಟಿಯ ಚೂರನ್ನು ಪೊರಕೆಯಿಂದ ಎಳೆದುಕೊಂಡು ಮುಂದೆ ಹೋದಳು. ಆರ್ವೋನ ಕೈ ತಾನಾಗಿ ಜೇಬಿನ ಮೇಲೆ ಹೋಗಿ ಕೂತಿತು, ಹಾಳೆ ಹೊರಗೆ ಇಣುಕುತ್ತಿದೆಯೇನೋ ಎಂಬಂತೆ.

ಕೊನೆಯ ಗಂಟೆ ಕೊರಿನ್‌ಳ ಕ್ಲಾಸು. ಒಂಬತ್ತು ಮಕ್ಕಳು, ಒಂಬತ್ತು ಬಗೆಯ ಸದ್ದು. ಅವಳು ಎಂದಿನಂತೆ ಕೂದಲನ್ನು ಪೆನ್ಸಿಲಿನಿಂದ ಸಿಕ್ಕಿಸಿಕೊಂಡು, ಪೆಟ್ಟಿಗೆಯ ಮುಚ್ಚಳವನ್ನು ತಿರುಗಾ ಮುರುಗಾ ಮಾಡಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಆರ್ವೋ ಮೂರು ಸಲ ಅವಳ ಮೇಜಿನ ಹತ್ತಿರ ಹೋಗಿ ಮೂರು ಸಲವೂ ಬೇರೆ ಯಾರಿಗೋ ಏನೋ ಹೇಳಿ ಬಂದ. ಎರಡೂವರೆ ಆಯಿತು. ನಾಲ್ಕನೇ ಸಲ ಅವಳೇ ತಲೆ ಎತ್ತಿದಳು.

“ಮೇಷ್ಟ್ರೇ, ಮಿಸೆಸ್ ಪೆಲ್ಕಿ ನಿಮಗೆ ಒಂದು ಕಾಗದ ಕಳಿಸಿದ್ರಾ?”

ಇಲ್ಲ ಎಂದುಬಿಟ್ಟರೆ ಆಯಿತು. ಇನ್ನರ್ಧ ಗಂಟೆ. ಅವಳ ಹೆಬ್ಬೆರಳು ಮುಚ್ಚಳದ ಅಂಚಿನ ಮೇಲೆ ಹೋಗಿ ಬರುತ್ತಿತ್ತು, ಎಲ್ಲಾದರೂ ಒರಟಿದೆಯೇ ಎಂದು. ಹಾಗೆ ಬೆರಳಾಡಿಸುವುದನ್ನು ಅವನೇ ಕಲಿಸಿದ್ದು. ಕಣ್ಣು ಸುಳ್ಳು ಹೇಳುತ್ತೆ, ಹೆಬ್ಬೆರಳು ಹೇಳಲ್ಲ ಎಂದು ಸೆಪ್ಟೆಂಬರಿನಲ್ಲಿ ಹೇಳಿದ್ದ.

“ಬೆಳಿಗ್ಗೇನೇ ಬಂತು,” ಎಂದ. “ಬಂದಿಲ್ಲ ಅಂತ ಅವರ ಹತ್ರ ಸುಳ್ಳು ಹೇಳ್ದೆ.”

ಅವಳು ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟಳು. “ಎಲಿಯಸ್‌ಗೋಸ್ಕರಾನಾ?”

“ಇರಬಹುದು. ಪೂರ್ತಿ ಅದಕ್ಕೇ ಅಲ್ಲ. ನಿನಗೆ ನೂರು ಕೊಟ್ಟಿದ್ದೆನಲ್ಲ, ಅದನ್ನ ಅಳಿಸಿ ಅಂದಾಗ ಮನಸ್ಸಿಗೆ ಹತ್ತಿತು.” ಹೇಳುವಾಗಲೇ ಇದು ಐವತ್ತಾರು ವರ್ಷದ ಗಂಡಸು ಹದಿನೇಳರ ಹುಡುಗಿಗೆ ಹೇಳುವ ಮಾತೇ ಎಂದು ನಾಚಿಕೆಯಾಯಿತು. “ಆ ಕಾಗದ ನೀನು ಕೇಳಿದ್ದೋ ಅಥವಾ ಅವರಾಗಿ ಕಳಿಸಿದ್ದೋ?”

“ನಾನೇ ಕೇಳ್ದೆ,” ಎಂದಳು. ಕೆಂಪಾದಳು, ಆದರೆ ಕಣ್ಣು ತಗ್ಗಿಸಲಿಲ್ಲ. “ನನಗೆ ಫಸ್ಟ್ ಬರ್ಬೇಕು ಮೇಷ್ಟ್ರೇ. ಏನೂ ಪರವಾಗಿಲ್ಲ ಅಂತ ಹೇಳೋಕೆ ನೋಡ್ದೆ, ಆಗ್ಲಿಲ್ಲ. ಪದವಿ ದಿನ ಸ್ಕೂಲಿನ ಆಟದ ಹಾಲಲ್ಲಿ ನಾನೂರು ಕುರ್ಚಿ ಹಾಕೋದು ನಮ್ಮಮ್ಮ. ಪ್ರತಿ ವರ್ಷ ಹಾಕಿ, ಭಾಷಣದ ಹೊತ್ತಿಗೆ ಹಿಂದೆ ಬಾಗಿಲ ಹತ್ರ ನಿಂತಿರ್ತಾಳೆ, ಮುಗಿದ ಮೇಲೆ ತೆಗೀಬೇಕಲ್ಲ ಅಂತ. ಈ ವರ್ಷ ಅವಳು ಮೊದಲನೇ ಸಾಲಲ್ಲಿ ಕೂತಿರ್ಬೇಕು, ನಾನು ಮೇಲಿಂದ ನೋಡ್ಬೇಕು.”

“ಈ ಕ್ಲಾಸಿಗೆ ಸೇರೋವಾಗ ಗೊತ್ತಿರ್ಲಿಲ್ವಾ, ಇದು ಕೆಳಗೆ ಎಳೆಯುತ್ತೆ ಅಂತ?”

“ಗೊತ್ತಿತ್ತು. ಒಂಬತ್ತನೇ ಕ್ಲಾಸಿಂದ ಎಲ್ಲರಿಗೂ ಗೊತ್ತು.” ಗೊತ್ತಿಲ್ಲದವರು ಮೇಷ್ಟರುಗಳು ಮಾತ್ರ ಎಂದು ಅವಳ ಮುಖ ಹೇಳಿತು. “ಹೋದ ವರ್ಷ ಅಡ್ವಾನ್ಸ್ ಫ್ರೆಂಚ್ ತಗೊಂಡಿದ್ದೆ. ಫ್ರೆಂಚ್ ಅಂದ್ರೆ ನನಗೆ ಆಗಲ್ಲ. ಐದು ಪಾಯಿಂಟು ಅಂತ ತಗೊಂಡೆ. ಪ್ರತಿ ಪರೀಕ್ಷೆ ಬರೆದ ಮೇಲೂ ಬಸ್ಸಲ್ಲಿ ಕೂತು ಲೆಕ್ಕ ಹಾಕೋದು. ಹಿಸ್ಟರಿ ಕ್ಲಾಸಲ್ಲಿ ಕೂತು ಲೆಕ್ಕ. ಸ್ನಾನ ಮಾಡ್ತಾ ಲೆಕ್ಕ. ಇಲ್ಲಿ ಒಂದಿನಾನೂ ಲೆಕ್ಕ ಹಾಕಿರ್ಲಿಲ್ಲ. ಹೋದ ವಾರ ಈ ಮುಚ್ಚಳ ಕೀಸ್ತಾ ಇರೋವಾಗ ನಾಲ್ಕು ಪಾಯಿಂಟ್ ಏಳು ಎರಡು ಅಂತ ತಲೇಲಿ ಬಂತು. ಕೈ ಜಾರ್ತು. ಇಲ್ಲಿ ನೋಡಿ.” ಅಂಚಿನಲ್ಲಿ ಕೂದಲೆಳೆಯಷ್ಟು ತಗ್ಗು. ಅವನಿಗೆ ಕಣ್ಣಿಗೆ ಕಾಣಲಿಲ್ಲ, ಹೆಬ್ಬೆರಳಿಗೆ ಸಿಕ್ಕಿತು. “ಅವತ್ತೇ ಮಿಸೆಸ್ ಪೆಲ್ಕಿ ಹತ್ರ ಹೋದೆ. ಈ ಗಂಟೆ ಲೆಕ್ಕಕ್ಕೆ ಬೇಡ ಅಂದೆ. ನೂರು ನೀವು ಕೊಟ್ಟಾಯ್ತಲ್ಲ. ಅದು ನನ್ನ ಹತ್ರ ಇದೆ.”

ಆರ್ವೋ ಆ ತಗ್ಗಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದ. ಬೆಳಿಗ್ಗೆಯಿಂದ ಎದೆಯಲ್ಲಿ ನಿಂತಿದ್ದುದು ಒಂದೇ ಸಲಕ್ಕೆ ಹೋಗಲಿಲ್ಲ. ಯಾರೋ ಇಕ್ಕಳದ ತುದಿಯಿಂದ ಹಿಡಿದು ನಿಧಾನವಾಗಿ ಎಳೆಯುತ್ತಿರುವಂತೆ ಅನ್ನಿಸಿತು. ಕಸಕ್ಕೆ ಹಾಕುತ್ತಿದ್ದಾರೆ ಎಂದುಕೊಂಡಿದ್ದ. ಹುಡುಗಿ ಬಚ್ಚಿಡುತ್ತಿದ್ದಳು. ಎರಡೂ ಒಂದೇ ಹಾಳೆ, ಒಂದೇ ಸಹಿ.

“ನಿನ್ನ ತಲೆಯಲ್ಲಿರೋ ಪೆನ್ಸಿಲ್ ಕೊಡು,” ಎಂದ.

“ಪೆನ್ನೇ ಆಗ್ಬೇಕಂತೆ ಮೇಷ್ಟ್ರೇ.” ಅವಳು ಚೀಲದಿಂದ ಪೆನ್ನು ತೆಗೆದುಕೊಟ್ಟಳು. ತಂದಿಟ್ಟುಕೊಂಡೇ ಇದ್ದಳು.

ಆಫೀಸಿಗೆ ಅವನೇ ಹೋದ, ಏಪ್ರನ್ ಬಿಚ್ಚದೆ, ಹಿಮದ ದಾರಿಯಲ್ಲಿ ಸ್ವಲ್ಪ ಓಡಿ ಸ್ವಲ್ಪ ನಡೆದು. ಮೂರಕ್ಕೆ ಎಂಟು ನಿಮಿಷವಿತ್ತು. ಮಾರ್ಸಿ ಹಾಳೆ ತೆಗೆದುಕೊಂಡು, ಗೂಡಲ್ಲೇ ಇತ್ತಲ್ವಾ ಎಂದಳು. ಇಲ್ಲ, ಜೇಬಲ್ಲಿತ್ತು, ಊಟದ ಹೊತ್ತಲ್ಲಿ ನಿಮಗೆ ಸುಳ್ಳು ಹೇಳಿದೆ, ಕ್ಷಮಿಸಿ ಎಂದ. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವನನ್ನು ನೋಡಿದಳು. “ಕ್ಲಾಸ್‌ಗಳ ವಿಷಯಕ್ಕೆ ಅಪ್ಪ ಅಮ್ಮಂದಿರು ಈ ಕುರ್ಚೀಲಿ ಕೂತು ನನಗೆ ಹೇಳಿರೋ ಸುಳ್ಳು ಬರೆದಿಟ್ಟಿದ್ರೆ ಲೈಬ್ರರಿ ಆಗ್ತಿತ್ತು,” ಎಂದಳು. “ವಾಪಸ್ ಬಂದು ಒಪ್ಪಿಕೊಂಡೋರು ನೀವೇ ಮೊದಲು. ಸುಳ್ಳು ಯಾರಿಗೋಸ್ಕರ?” ಗೊತ್ತಿಲ್ಲ ಎಂದ ಆರ್ವೋ, ಮತ್ತು ಅದು ನಿಜವಾಗಿತ್ತು. ಅವಳು ಠಪ್ಪನೆ ಮುದ್ರೆ ಒತ್ತಿದಳು.

ಬುಧವಾರ ಸಂಜೆಯೆಂದರೆ ಇರ್ಮಾ ಅಕ್ಕನ ಮನೆಯಲ್ಲಿ ಸೌನಾ. ಅವಳ ಮನೆಯ ತಿರುವಿನಲ್ಲಿ ಅಭ್ಯಾಸಬಲದಿಂದ ಗಾಡಿ ನಿಲ್ಲಿಸಿ, ಸ್ವೆಟರಿಗೆ ಕೈ ಹಾಕಿ, ಆಮೇಲೆ ಹಾಗೆಯೇ ಬಿಟ್ಟ. ಮರದ ಹೊಟ್ಟು ಮೆತ್ತಿದ ಅಂಗಿಯಲ್ಲೇ ಅಡುಗೆಮನೆಗೆ ಹೋಗಿ ಕೂತ. ಇರ್ಮಾ ಏಲಕ್ಕಿ ಬ್ರೆಡ್ಡು ಕೊಯ್ಯುತ್ತಿದ್ದವಳು ಅವನ ತೋಳಿನ ಮೇಲಿನ ಹೊಟ್ಟನ್ನು ನೋಡಿದಳು, ನೋಡದವಳಂತೆ ಕಾಫಿ ಬಗ್ಗಿಸಿದಳು.

“ಅಕ್ಕಾ, ಇವತ್ತು ಲಾಸನೆನ್ ಹುಡುಗಿಯ ಕಾಗದಕ್ಕೆ ಸಹಿ ಹಾಕ್ದೆ. ಅವಳು ಫಸ್ಟು. ಎಲಿಯಸ್ ಸೆಕೆಂಡು.”

ಚಾಕು ನಿಂತಿತು. “ನೀನು ಹಾಕ್ದೇ ಇದ್ದಿದ್ರೆ?”

“ಎಲಿಯಸ್ ಫಸ್ಟು.”

“ನಿನಗೆ ನಿನ್ನ ಹುಟ್ಟಿದಹಬ್ಬ ನೆನಪಿರಲ್ಲ. ಇದೊಂದು ಮರೀಬಾರ್ದಿತ್ತಾ?”

“ಏಳು ಗಂಟೆ ಹೊತ್ತು ಮರೆತಿದ್ದೆ. ಆಮೇಲೆ ಆಗ್ಲಿಲ್ಲ.”

ಅವಳ ತುಟಿ ಬಿಗಿಯಿತು. ನಾಲ್ಕು ವರ್ಷ ಪ್ರತಿ ಬೆಳಿಗ್ಗೆ ಕತ್ತಲಲ್ಲಿ ಎದ್ದು ಆ ಹುಡುಗನಿಗೆ ತಿಂಡಿ ಮಾಡಿಕೊಟ್ಟವಳು ಅವಳು. ಗಂಡ ಡೇಲ್, ಸರೋವರದ ಸರಕು ಹಡಗಿನಲ್ಲಿ ಕೆಲಸಕ್ಕೆಂದು, ವರ್ಷದ ಮುಕ್ಕಾಲು ಭಾಗ ಹೊರಗೇ ಇರುತ್ತಿದ್ದ. ಅದನ್ನೆಲ್ಲ ಅವಳು ಹೇಳಿದ್ದರೆ ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಹೇಳಲಿಲ್ಲ. ಅವನೇ ಮೆಲ್ಲಗೆ, “ಅಲರ್ಜಿ ಅಂದಿದ್ದೆಯಲ್ಲ ಅಕ್ಕ,” ಎಂದ. ಇರ್ಮಾ ಅವನ ಕಡೆ ನೋಡಲು ಆಗದೆ ಕಿಟಕಿಯ ಕಡೆ ನೋಡಿದಳು. ಕುತ್ತಿಗೆ ಕೆಂಪಗಾಯಿತು. “ನಿನ್ನ ಕ್ಲಾಸು ಲೆಕ್ಕಕ್ಕೆ ಬರಲ್ಲ ಅಂತ ನಿನ್ನ ಮುಖ ನೋಡ್ಕೊಂಡು ಹೇಗೆ ಹೇಳ್ಲಿ? ಬಾಯಿಗೆ ಬಂದಿದ್ದು ಹೇಳ್ದೆ. ನೀನು ರಸ್ತೇಲಿ ನಿಂತು ಬಟ್ಟೆ ಬದಲಾಯಿಸ್ತೀಯ ಅಂತ ಆಗ ನನಗೇನು ಗೊತ್ತು.” ಹೇಳುತ್ತ ಹೇಳುತ್ತ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಅವನು ಎದ್ದ. ನಗುತ್ತಿದ್ದಳು, ಸಿಟ್ಟೂ ಹೋಗಿರಲಿಲ್ಲ. “ಹೋಗು, ಸೌನಾ ಕಾದಿದೆ. ಅವನು ಒಳಗಿದಾನೆ. ನೀನೇ ಹೇಳು ಅವನಿಗೆ, ನಾನು ಹೇಳಲ್ಲ.”

ಹಿತ್ತಲಿನ ಸೌನಾದೊಳಗೆ ಎಲಿಯಸ್ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಮೇಲಿನ ಹಲಗೆಯ ಮೇಲೆ ಕೂತಿದ್ದ. ಉದ್ದ ಕಾಲು, ಮೊಣಕಾಲಿನ ಮೇಲೆ ಮೊಣಕೈ. ಆರ್ವೋ ಕೆಳಗಿನ ಹಲಗೆಯಲ್ಲಿ ಕೂತು ಮಾತು ಹುಡುಕುತ್ತಿರುವಾಗ ಅವನೇ, “ಗೊತ್ತು ಮಾವ,” ಎಂದ. “ಕೊರಿನ್ ಲಾಕರ್ ಹತ್ರ ಬಂದು ಹೇಳಿದ್ಲು. ಬೇರೆಯವರಿಂದ ಕೇಳೋದು ಬೇಡ ಅಂತ.”

“ಸಿಟ್ಟಾ?”

“ಬಸ್ಸಿಂದ ಇಳಿಯೋವರೆಗೂ ಇತ್ತು. ನಿಮ್ಮ ಮೇಲೆ ಜಾಸ್ತಿ, ಅವಳ ಮೇಲೆ ಸ್ವಲ್ಪ.” ಅಂಗೈಯಿಂದ ಮುಖದ ಬೆವರು ಒರೆಸಿಕೊಂಡ. “ಭಾಷಣ ಬರೆದಿಟ್ಟಿದ್ದೆ. ಅದೊಂದು ವೇಸ್ಟಾಯ್ತು.”

“ಯಾವಾಗ ಬರೆದಿದ್ದು?”

“ಹತ್ತನೇ ಕ್ಲಾಸಲ್ಲಿ.”

ಆರ್ವೋ ನಗದಿರಲು ಒಲೆಯ ಮೇಲಿನ ಕಾದ ಕಲ್ಲುಗಳಿಗೆ ಒಂದು ಸೌಟು ನೀರು ಹಾಕಿದ. ಬಿಸಿ ಹಬೆ ಬುಸುಗುಟ್ಟುತ್ತ ಎದ್ದು ಇಬ್ಬರ ಕಿವಿಯನ್ನೂ ಕಚ್ಚಿತು. “ಎಷ್ಟು ಪುಟ?”

“ಆರು. ಬಾಯಿಪಾಠ ಆಗಿದೆ. ಬೇಡ ಅಂದ್ರೂ ಮರೆಯಲ್ಲ.”

“ಹೇಳು ಮತ್ತೆ.”

“ಇಲ್ಲಾ?”

“ನಾನೊಬ್ಬ ಮೇಷ್ಟ್ರು ತಾನೇ. ನಿನ್ನ ಒಂದು ಮಾತೂ ಈವರೆಗೆ ಕ್ಲಾಸಲ್ಲಿ ಕೇಳಿಲ್ಲ.”

ಹುಡುಗ ಅವನನ್ನು ದಿಟ್ಟಿಸಿದ, ತಮಾಷೆಯೋ ಏನೋ ಎಂದು. ಆಮೇಲೆ ಕೆಳಗಿಳಿದು, ಟವೆಲನ್ನು ಬಿಗಿಮಾಡಿಕೊಂಡು, ಒಲೆಯ ಪಕ್ಕದಲ್ಲಿ ನೆಟ್ಟಗೆ ನಿಂತ. ಆರ್ವೋ ಮೇಲಿನ ಹಲಗೆಗೆ ಹೋಗಿ ಕೂತ, ಕೈ ಕಟ್ಟಿಕೊಂಡು, ಸಭೆಯಲ್ಲಿ ಕೂತಂತೆ. “ಪ್ರಾಂಶುಪಾಲರೇ, ಶಿಕ್ಷಕರೇ, ಗೆಳೆಯರೇ,” ಎಂದು ಎಲಿಯಸ್ ಶುರುಮಾಡಿದ. ಮೊದಲು ಗೊಣಗಿದಂತಿತ್ತು. ಸರೋವರ ಹೆಪ್ಪುಗಟ್ಟುವ ದಿನದ ಬಗ್ಗೆ ಏನೋ ಇತ್ತು, ಪರಿಶ್ರಮದ ಬಗ್ಗೆ ಹದಿನೈದು ವರ್ಷದವನು ಬರೆಯುವಂಥ ನಾಲ್ಕು ದೊಡ್ಡ ಮಾತು; ಅಲ್ಲಿ ಅವನೇ ಹಲ್ಲು ಕಿರಿದು, ಇದು ಚೆನ್ನಾಗಿಲ್ಲ ಎಂದ. ಮುಂದೆ ಹೇಳು ಎಂದ ಆರ್ವೋ. ಮುಂದಿನದು ತಾಯಿಯ ವಿಷಯ. ಬೆಳಿಗ್ಗೆ ಐದೂವರೆಗೆ ಅಡುಗೆಮನೆಯಲ್ಲಿ ದೀಪ ಹತ್ತುವ ಸದ್ದು ತನಗೆ ಕೇಳಿಸುತ್ತದೆ, ಸದ್ದಾಗದಂತೆ ಹತ್ತಿಸಬೇಕೆಂದು ಅವಳು ಪಡುವ ಪ್ರಯತ್ನವೇ ಕೇಳಿಸುತ್ತದೆ ಎಂದು ಬರೆದಿದ್ದ. ಅದು ಸುಮಾರು ಉದ್ದಕ್ಕೆ ಹೋಯಿತು. ಬಸ್ಸು ತಪ್ಪಿದ ದಿನಗಳು ಬಂದವು, ಅವಳು ಇಸ್ತ್ರಿ ಮಾಡುತ್ತ ಇತಿಹಾಸದ ಪ್ರಶ್ನೆ ಕೇಳುತ್ತಿದ್ದುದು ಬಂತು, ಉತ್ತರ ತಪ್ಪಾದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ ಎಂಬುದೂ ಬಂತು. ಹುಡುಗನ ದನಿ ಈಗ ತೆರೆದುಕೊಂಡು ಮರದ ಗೋಡೆಗಳ ತುಂಬ ಓಡಾಡುತ್ತಿತ್ತು. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋದರೂ ಒರೆಸಿಕೊಳ್ಳಲಿಲ್ಲ. ಹೊರಗೆ ಹಿಮದ ಮೇಲೆ ಹೆಜ್ಜೆಯ ಕರಕರ ಸದ್ದಾಗಿ, ಬಾಗಿಲ ಹತ್ತಿರ ಬಂದು ನಿಂತದ್ದು ಆರ್ವೋಗೆ ಕೇಳಿಸಿತು. ಒಗೆದ ಟವೆಲ್ ಇಡಲು ಬಂದಿರಬೇಕು. ಇಟ್ಟ ಸದ್ದೂ ಆಗಲಿಲ್ಲ, ತಿರುಗಿ ಹೋದ ಸದ್ದೂ ಆಗಲಿಲ್ಲ. ಕಲ್ಲಿನ ಮೇಲೆ ನೀರು ಹಾಕಿದರೆ ಮಾತು ಕೇಳಿಸದೆ ಹೋದೀತೆಂದು ಆರ್ವೋ ಸೌಟನ್ನು ಬಕೆಟ್ಟಿನಲ್ಲೇ ಬಿಟ್ಟ. ಎಲಿಯಸ್ ಕೊನೆಯ ಸಾಲು ಹೇಳಿ, ಸಭೆಗೆ ಬಾಗುವಂತೆ ಸ್ವಲ್ಪ ಬಾಗಿ, ಟವೆಲ್ ಜಾರುವಷ್ಟರಲ್ಲಿ ಹಿಡಿದುಕೊಂಡ.

ಒಲೆಯಲ್ಲಿ ಸೌದೆ ಚಟ್ಟೆಂದಿತು. ಆಮೇಲೆ ಬಾಗಿಲ ಆಚೆಯಿಂದ ಇರ್ಮಾಳ ದನಿ ಬಂತು, ಶೀತವಾದವರ ದನಿಯಂತೆ.

“ಅಮ್ಮನ ವಿಷಯ ತುಂಬಾ ಉದ್ದ ಆಯ್ತು.”

“ಸರಿ ಅಮ್ಮ,” ಎಂದ ಎಲಿಯಸ್.

ಮೂಗು ಸೀಟಿದ ಸದ್ದಾಗಿ, ಅವಳೇ ಮತ್ತೆ ಅಂದಳು: “ಮೊದಲಿಂದ ಹೇಳು. ನನಗೆ ಶುರುವಿನದು ಕೇಳಿಸ್ಲಿಲ್ಲ.”